ಒಂದೇ ಸೂರು, ಯಾರ ಅಳತೆಗೋಲು?: ಕೊರಿಯಾದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಮತ್ತು ಮಾನವಿಕ ಸಂಶೋಧನೆ

1

ಭಾರತದ ಸಂಸತ್ತು 2023ರ ಆಗಸ್ಟ್ ತಿಂಗಳಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಾಯಿದೆಯನ್ನು ಅಂಗೀಕರಿಸಿತು. 2024ರ ಫೆಬ್ರವರಿ 5ರಿಂದ ಅದು ಜಾರಿಗೆ ಬಂದಿತು. 2008ರ ಕಾಯಿದೆಯೊಂದರ ಮೂಲಕ ರೂಪುಗೊಂಡಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಈ ಹೊಸ ಸಂಸ್ಥೆಯಲ್ಲಿ ಲೀನವಾಯಿತು. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಗಳ ಅಂದಾಜು, ಅದರ ಬಹುಪಾಲನ್ನು ಸರ್ಕಾರೇತರ ಮೂಲಗಳಿಂದ ಪಡೆಯುವ ಆಶಯ, ಪ್ರಧಾನಮಂತ್ರಿಗಳ ಅಧ್ಯಕ್ಷತೆಯ ಆಡಳಿತ ಮಂಡಳಿ ಮುಂತಾದ ಸಂಗತಿಗಳು ಆ ದಿನಗಳಲ್ಲಿ ಸಾಕಷ್ಟು ಚರ್ಚೆಗೆ ಬಂದವು. ಆದರೆ ಭಾಷೆಯನ್ನು ಕಲಿಸುವವರು ನಿಂತು ನೋಡಬೇಕಾದುದು ಆ ಕಾಯಿದೆಯ ಪೀಠಿಕೆಯ ವಾಕ್ಯರಚನೆಯನ್ನು. ನಿಸರ್ಗ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ, ಪರಿಸರ ಮತ್ತು ಭೂವಿಜ್ಞಾನ, ಆರೋಗ್ಯ, ಕೃಷಿ ಇವೆಲ್ಲವೂ ತಮ್ಮ ತಮ್ಮ ಹೆಸರಿನಿಂದಲೇ ಅಲ್ಲಿ ಪ್ರವೇಶ ಪಡೆದಿವೆ. ಮಾನವಿಕಗಳಿಗೂ ಸಮಾಜ ವಿಜ್ಞಾನಗಳಿಗೂ ಮಾತ್ರ ಒಂದು ವಿಶೇಷಣದ ಆಸರೆ ಬೇಕಾಗಿದೆ. ಅವು ವಿಜ್ಞಾನ ತಂತ್ರಜ್ಞಾನಗಳನ್ನು ಎಲ್ಲಿ ಸಂಧಿಸುತ್ತವೆಯೋ ಆ ಸಂಧಿಸ್ಥಾನಗಳು ಮಾತ್ರ ಪ್ರತಿಷ್ಠಾನದ ವ್ಯಾಪ್ತಿಗೆ ಸೇರುತ್ತವೆ.

ಮೊದಲ ಕಲ್ಪನೆ ಹೀಗಿರಲಿಲ್ಲ. ಕೆ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಸಮಿತಿ 2019ರಲ್ಲಿ ಸಿದ್ಧಪಡಿಸಿದ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು ಇಂತಹ ಪ್ರತಿಷ್ಠಾನಕ್ಕೆ ನಾಲ್ಕು ವಿಭಾಗಗಳನ್ನು ಸೂಚಿಸಿತ್ತು: ವಿಜ್ಞಾನ, ತಂತ್ರಜ್ಞಾನ, ಸಮಾಜ ವಿಜ್ಞಾನ, ಕಲೆ ಮತ್ತು ಮಾನವಿಕಗಳು. 2020ರ ನೀತಿಯೂ ಎಲ್ಲ ಜ್ಞಾನಶಿಸ್ತುಗಳ ಸಂಶೋಧನಾ ಪ್ರಸ್ತಾವಗಳಿಗೆ ನೆರವು ನೀಡುವ ಮಾತನ್ನು ಆಡಿತು. ಕರಡಿನಿಂದ ಕಾಯಿದೆಗೆ ಬರುವ ನಾಲ್ಕು ವರ್ಷಗಳಲ್ಲಿ ನಾಲ್ಕನೆಯ ವಿಭಾಗವು ಒಂದು ಪದಪುಂಜವಾಗಿ ಕುಗ್ಗಿತು. ಈ ಕುಗ್ಗುವಿಕೆಯ ಬಗ್ಗೆ ಭಾಷಾ ವಿಭಾಗಗಳಲ್ಲಿ ಅಸಮಾಧಾನವಿರುವುದು ಸಹಜವೇ. ಆದರೆ ಆ ಅಸಮಾಧಾನದ ಹಿಂದೆ ಒಂದು ನಂಬಿಕೆಯೂ ಇದೆ. ಪೂರ್ಣ ಪಾಲು ದೊರೆತಿದ್ದರೆ ಮಾನವಿಕ ಸಂಶೋಧನೆಯ ಸಂಕಟ ಬಹುಮಟ್ಟಿಗೆ ನೀಗುತ್ತಿತ್ತು ಎಂಬ ಈ ನಂಬಿಕೆಯನ್ನು ಪರೀಕ್ಷಿಸಬೇಕಾದರೆ, ಪೂರ್ಣ ಪಾಲನ್ನು ಕೊಟ್ಟ ದೇಶವೊಂದರ ಅನುಭವವನ್ನು ನೋಡಬೇಕಾಗುತ್ತದೆ. ಸ್ವಿಟ್ಜರ್ಲೆಂಡ್ 1952ರಿಂದಲೂ, ದಕ್ಷಿಣ ಆಫ್ರಿಕಾ 1999ರಿಂದಲೂ ಇಂತಹ ಸಂಯುಕ್ತ ಪ್ರತಿಷ್ಠಾನಗಳನ್ನು ನಡೆಸಿಕೊಂಡು ಬಂದಿವೆ. ಆದರೆ ಇಂಗ್ಲಿಷೇತರವಾದ ಒಂದೇ ಭಾಷೆಯಲ್ಲಿ ಬಹುಪಾಲು ಮಾನವಿಕ ಬರವಣಿಗೆ ನಡೆಯುವ, ದೀರ್ಘ ಹಸ್ತಪ್ರತಿ ಪರಂಪರೆಯುಳ್ಳ, ವಸಾಹತು ಆಳ್ವಿಕೆಯನ್ನು ಕಂಡ ಏಷ್ಯಾದ ದೇಶವೆಂಬ ಕಾರಣಕ್ಕೆ ದಕ್ಷಿಣ ಕೊರಿಯಾದ ಉದಾಹರಣೆ ಕನ್ನಡದ ಸಂಶೋಧಕರಿಗೆ ಹೆಚ್ಚು ಹತ್ತಿರದ್ದು.

2

ಕೊರಿಯಾದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ 2009ರ ಜೂನ್‌ನಲ್ಲಿ ಅಸ್ತಿತ್ವಕ್ಕೆ ಬಂದಿತು. ಇದರ ಮುಖ್ಯ ಕಚೇರಿ ದೇಜೊನ್ ನಗರದಲ್ಲಿದೆ. ಇದು ಹೊಸದಾಗಿ ಹುಟ್ಟಿದ ಸಂಸ್ಥೆಯಲ್ಲ, ಮೂರು ಸಂಸ್ಥೆಗಳ ವಿಲೀನ. 1977ರಲ್ಲಿ ಸ್ಥಾಪನೆಯಾದ ಕೊರಿಯಾ ವಿಜ್ಞಾನ ಪ್ರತಿಷ್ಠಾನವು ವಿಜ್ಞಾನ ಮಂತ್ರಾಲಯದ ಅಧೀನದಲ್ಲಿತ್ತು. 1981ರಲ್ಲಿ ಸ್ಥಾಪನೆಯಾದ ಕೊರಿಯಾ ಸಂಶೋಧನಾ ಪ್ರತಿಷ್ಠಾನ ಶಿಕ್ಷಣ ಮಂತ್ರಾಲಯದ ಅಧೀನದಲ್ಲಿದ್ದು, ವಿಶ್ವವಿದ್ಯಾಲಯಗಳ ವಿದ್ವತ್ತನ್ನು, ಮುಖ್ಯವಾಗಿ ಮಾನವಿಕ ಮತ್ತು ಸಮಾಜ ವಿಜ್ಞಾನಗಳನ್ನು ಪೋಷಿಸುತ್ತಿತ್ತು. ಮೂರನೆಯದು ಅಂತರರಾಷ್ಟ್ರೀಯ ವೈಜ್ಞಾನಿಕ ಸಹಕಾರದ ಒಂದು ಚಿಕ್ಕ ಸಂಸ್ಥೆ.

ಈ ವಿಲೀನದ ಹಿಂದೆ ಜ್ಞಾನಮೀಮಾಂಸೆಯ ದೊಡ್ಡ ಚಿಂತನೆಯೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. 2008ರಲ್ಲಿ ಅಧಿಕಾರಕ್ಕೆ ಬಂದ ಈ ಮ್ಯುಂಗ್-ಬಾಕ್ ಅವರ ಸರ್ಕಾರ ಶಿಕ್ಷಣ ಮತ್ತು ವಿಜ್ಞಾನ ಮಂತ್ರಾಲಯಗಳನ್ನು ಒಂದುಗೂಡಿಸಿತು. ಮಂತ್ರಾಲಯಗಳು ಕೂಡಿದ್ದರಿಂದ ಅವುಗಳ ಕೆಳಗಿನ ಪ್ರತಿಷ್ಠಾನಗಳೂ ಕೂಡಿದವು. 2013ರಲ್ಲಿ ಮುಂದಿನ ಸರ್ಕಾರ ಮಂತ್ರಾಲಯಗಳನ್ನು ಮತ್ತೆ ಬೇರ್ಪಡಿಸಿತು, ಆದರೆ ಪ್ರತಿಷ್ಠಾನ ಬೇರೆಯಾಗಲಿಲ್ಲ. ಅದು ವಿಜ್ಞಾನ ಮಂತ್ರಾಲಯದ ಪಾಲಿಗೆ ಹೋಯಿತು. ಮಾನವಿಕಗಳಿಗೆ ಸಲ್ಲುವ ಹಣ ಮಾತ್ರ ಶಿಕ್ಷಣ ಮಂತ್ರಾಲಯದಿಂದ ಬರುತ್ತಲೇ ಇತ್ತು. ಹೀಗಾಗಿ ಮನೆ ಒಂದೇ ಆದರೂ ಒಲೆಗಳು ಎರಡಾದವು. ಆಡಳಿತದ ಅನುಕೂಲಕ್ಕಾಗಿ ಆದ ಮದುವೆ ಅನುಕೂಲ ತಪ್ಪಿದ ಮೇಲೂ ಉಳಿದುಕೊಂಡಿತು.

ಆದರೂ ಆ ಕಾಯಿದೆಯ ಮೊದಲನೆಯ ವಿಧಿಯ ಭಾಷೆ ಭಾರತದ ಕಾಯಿದೆಗಿಂತ ಉದಾರವಾಗಿದೆ. ಅಲ್ಲಿ ಪ್ರತಿಷ್ಠಾನದ ಉದ್ದೇಶವನ್ನು ಹೇಳುವಾಗ ‘ಹಾಕ್‌ಸುಲ್’ ಎಂಬ ಪದವೂ, ‘ಸಂಶೋಧನೆ ಮತ್ತು ಅಭಿವೃದ್ಧಿ’ ಎಂಬರ್ಥದ ಪದವೂ ಸಮಾನವಾಗಿ ಅಕ್ಕಪಕ್ಕದಲ್ಲಿವೆ. ಹಾಕ್‌ಸುಲ್ ಎಂದರೆ ವಿದ್ವತ್ತು. ಅದರ ಮೊದಲ ಅಂಶವಾದ ‘ಹಾಕ್’ ಎಂಬುದು ಕಲಿಕೆ, ಅಧ್ಯಯನ ಎಂಬರ್ಥದ ಚೀನೀ ಮೂಲದ ಪದ. ಕೊರಿಯನ್ ಭಾಷೆಯಲ್ಲಿ ಸಾಹಿತ್ಯ ‘ಮುನ್‌ಹಾಕ್’, ತತ್ವಶಾಸ್ತ್ರ ‘ಚೊಲ್‌ಹಾಕ್’, ಗಣಿತ ‘ಸುಹಾಕ್’, ಭೌತಶಾಸ್ತ್ರ ‘ಮುಲ್ಲಿಹಾಕ್’. ಎಲ್ಲಕ್ಕೂ ಒಂದೇ ಬಾಲ. ಕನ್ನಡದಲ್ಲಿ ‘ಶಾಸ್ತ್ರ’ ಎಂಬ ಪದ ಮಾಡುವ ಕೆಲಸವೂ ಇದೇ. ಛಂದಶ್ಶಾಸ್ತ್ರ, ಶಬ್ದಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ ಎನ್ನುವಾಗ ಕನ್ನಡವು ಯಾವ ಗೋಡೆಯನ್ನೂ ಎಬ್ಬಿಸುವುದಿಲ್ಲ. ಗೋಡೆ ಏಳುವುದು ‘ವಿಜ್ಞಾನ’ ಎಂಬ ಪದಕ್ಕೆ ಇಂಗ್ಲಿಷಿನ ‘ಸೈನ್ಸ್’ ಎಂಬುದರ ಇಕ್ಕಟ್ಟಾದ ಅರ್ಥ ಅಂಟಿಕೊಂಡ ಮೇಲೆ. ಕೊರಿಯನ್ನಿನಲ್ಲಿ ವಿಜ್ಞಾನಕ್ಕೆ ಬಳಕೆಯಾಗುವ ‘ಗ್ವಾಹಾಕ್’ ಎಂಬ ಪದ ಹತ್ತೊಂಬತ್ತನೆಯ ಶತಮಾನದ ಜಪಾನಿನಲ್ಲಿ ಈ ಅರ್ಥಕ್ಕೆ ನೆಲೆಗೊಂಡು ಅಲ್ಲಿಗೆ ಬಂದದ್ದು. ಅದರ ಅಕ್ಷರಾರ್ಥ ‘ವಿಭಾಗ ವಿಭಾಗವಾದ ಕಲಿಕೆ’. ಪಾಲು ಮಾಡಿದ ಕಲಿಕೆ ಎಂಬ ಅರಿವು ಆ ಪದದಲ್ಲೇ ಉಳಿದಿದೆ. ಭಾಷಾಶಾಸ್ತ್ರ ಎನ್ನಬೇಕೇ ಭಾಷಾವಿಜ್ಞಾನ ಎನ್ನಬೇಕೇ ಎಂಬ ಕನ್ನಡ ವಿಭಾಗಗಳ ಹಳೆಯ ಚರ್ಚೆ ಬರಿಯ ಹೆಸರಿನ ಜಗಳವಾಗಿರಲಿಲ್ಲ. ಯಾವ ಪಾಲಿನಲ್ಲಿ ನಿಂತರೆ ಗೌರವ ಹೆಚ್ಚು ಎಂಬ ಲೆಕ್ಕವೂ ಅದರಲ್ಲಿತ್ತು.

ಪದದ ಮಟ್ಟದಲ್ಲಿ ಇರುವ ಏಕತೆ ಸಂಸ್ಥೆಯ ಮಟ್ಟದಲ್ಲಿ ಏನಾಯಿತು ಎಂಬುದು ಮುಂದಿನ ಪ್ರಶ್ನೆ.

3

ಸಂಶೋಧನಾ ಪ್ರತಿಷ್ಠಾನವೊಂದು ಹಣ ಹಂಚುತ್ತದೆ ಎಂಬುದು ಮೇಲ್ನೋಟದ ವರ್ಣನೆ. ಹಂಚುವ ಮೊದಲು ಅದು ಅಳೆಯಬೇಕು. ಅಳೆಯುವುದಕ್ಕೆ ಒಂದು ಮಾನ ಬೇಕು. ಸಂಯುಕ್ತ ಪ್ರತಿಷ್ಠಾನಗಳ ನಿಜವಾದ ರಾಜಕಾರಣ ಇರುವುದು ಈ ಮಾನದ ಆಯ್ಕೆಯಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ಸಂಶೋಧಕರನ್ನು ವ್ಯಕ್ತಿಗತವಾಗಿ ಶ್ರೇಣೀಕರಿಸುವ ಕ್ರಮ 1980ರ ದಶಕದಲ್ಲಿ ನಿಸರ್ಗ ವಿಜ್ಞಾನಿಗಳಿಗಾಗಿ ಆರಂಭವಾಗಿತ್ತು. ವಿಲೀನದ ನಂತರ ಅದನ್ನು ಮಾನವಿಕಗಳಿಗೂ ವಿಸ್ತರಿಸಲಾಯಿತು. ಮಾನವಿಕಗಳ ಯಾವುದೇ ಅಳತೆ ಭೌತಶಾಸ್ತ್ರಕ್ಕೆ ವಿಸ್ತರಣೆಯಾದ ನಿದರ್ಶನ ಹುಡುಕಿದರೂ ಸಿಗುವುದು ಕಷ್ಟ.

ಕೊರಿಯಾದಲ್ಲಿ ಈ ಕಥೆ ಇನ್ನೂ ಜಟಿಲವಾಗಿದೆ, ಏಕೆಂದರೆ ಅಲ್ಲಿ ಅಳತೆಗೋಲನ್ನು ತಂದದ್ದು ವಿಜ್ಞಾನ ಪ್ರತಿಷ್ಠಾನವಲ್ಲ. ಮಾನವಿಕಗಳನ್ನು ಪೋಷಿಸುತ್ತಿದ್ದ ಸಂಶೋಧನಾ ಪ್ರತಿಷ್ಠಾನವೇ 1998ರಲ್ಲಿ ವಿದ್ವತ್ಪತ್ರಿಕೆಗಳನ್ನು ಪರಿಶೀಲಿಸಿ ನೋಂದಾಯಿಸುವ ಪದ್ಧತಿಯನ್ನು ಆರಂಭಿಸಿತು. ಪತ್ರಿಕೆ ನಿಯತವಾಗಿ ಹೊರಬರುತ್ತಿದೆಯೇ, ಲೇಖನಗಳನ್ನು ಸಮಾನ ವಿದ್ವಾಂಸರು ಪರಿಶೀಲಿಸುತ್ತಾರೆಯೇ, ಎಷ್ಟು ಲೇಖನಗಳು ತಿರಸ್ಕೃತವಾಗುತ್ತವೆ, ಲೇಖಕರೆಲ್ಲ ಒಂದೇ ಸಂಸ್ಥೆಯವರೇ ಎಂಬಂತಹ ಪ್ರಶ್ನೆಗಳು ಅದರಲ್ಲಿದ್ದವು. ಅನಂತರ ಈ ಪತ್ರಿಕೆಗಳ ಪರಸ್ಪರ ಉಲ್ಲೇಖಗಳನ್ನು ದಾಖಲಿಸುವ ಕೊರಿಯಾ ಉಲ್ಲೇಖ ಸೂಚಿಯೂ ರೂಪುಗೊಂಡಿತು. ಇಂದು ಅದನ್ನು ರಾಷ್ಟ್ರೀಯ ಪ್ರತಿಷ್ಠಾನವೇ ನಡೆಸುತ್ತಿದೆ. ನೋಂದಾಯಿತ ಪತ್ರಿಕೆಗಳ ಸಂಖ್ಯೆ ಎರಡು ಸಾವಿರವನ್ನು ಮೀರಿದೆ.

ಇದರ ಲಾಭವನ್ನು ಮೊದಲು ಹೇಳಬೇಕು. ಕೊರಿಯನ್ ಭಾಷೆಯಲ್ಲಿ ಬರೆದ ಲೇಖನಕ್ಕೆ ರಾಷ್ಟ್ರಮಟ್ಟದ ಮಾನ್ಯತೆ ದೊರೆತದ್ದು ಈ ಪದ್ಧತಿಯಿಂದ. ಮಧ್ಯಕಾಲೀನ ಕೊರಿಯನ್ ವ್ಯಾಕರಣದ ಬಗ್ಗೆ ಕೊರಿಯನ್ನಿನಲ್ಲೇ ಬರೆದ ಅಧ್ಯಾಪಕನೊಬ್ಬ ತನ್ನ ಬಡ್ತಿಗಾಗಿ ಅಮೆರಿಕದ ಪತ್ರಿಕೆಯೊಂದರ ಬಾಗಿಲು ಕಾಯಬೇಕಾದ ಅನಿವಾರ್ಯತೆ ತಪ್ಪಿತು. ಪ್ರಾದೇಶಿಕ ವಿದ್ವತ್ಸಂಘಗಳ ಅನಿಯತ ಪತ್ರಿಕೆಗಳು ನಿಯತಗೊಂಡವು. ಸಂಪಾದಕನ ಪರಿಚಯವೇ ಪ್ರಕಟಣೆಯ ಅರ್ಹತೆಯಾಗಿದ್ದ ಕಡೆಗಳಲ್ಲಿ ಪರಿಶೀಲನೆಯ ಶಿಸ್ತು ಬಂತು. ಭಾರತೀಯ ಭಾಷೆಗಳಿಗೆ ಇಂತಹ ಸೂಚಿಯೊಂದು ಇಲ್ಲ ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ.

ಆದರೆ ಅಳೆಯಬಹುದಾದದ್ದಕ್ಕೆ ಬೆಲೆ ಬಂದ ಕೂಡಲೇ ಅಳೆಯಲಾಗದ್ದು ಬೆಲೆ ಕಳೆದುಕೊಳ್ಳುತ್ತದೆ. ವಿಶ್ವವಿದ್ಯಾಲಯಗಳು ನೇಮಕಾತಿಗೂ ಬಡ್ತಿಗೂ ನೋಂದಾಯಿತ ಪತ್ರಿಕೆಗಳ ಲೇಖನಗಳ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡವು. ಮಾನವಿಕ ವಿದ್ವತ್ತಿನ ಹಳೆಯ ರೂಪಗಳಾದ ಸುದೀರ್ಘ ಗ್ರಂಥ, ಪ್ರಾಚೀನ ಪಠ್ಯದ ಸಟಿಪ್ಪಣ ಅನುವಾದ, ಪಾಠಾಂತರಗಳ ಸಂಪಾದನೆ, ನಿಘಂಟು ಇವುಗಳ ಮೌಲ್ಯ ಈ ಲೆಕ್ಕದಲ್ಲಿ ಇಳಿಯಿತು. ಹತ್ತು ವರ್ಷಗಳ ಗ್ರಂಥಸಂಪಾದನೆಯನ್ನೂ ಹತ್ತು ಪುಟಗಳ ಲೇಖನವನ್ನೂ ಒಂದೇ ಪಟ್ಟಿಯಲ್ಲಿ ನಮೂದಿಸುವುದು ಬಟ್ಟೆಯನ್ನು ಬಳ್ಳದಲ್ಲಿ ಅಳೆದಂತೆ. ಈ ದೂರು ಅಲ್ಲಿಯ ಮಾನವಿಕ ವಲಯದಲ್ಲಿ ಬಹಳ ಕಾಲದಿಂದ ಕೇಳಿಬರುತ್ತಿದೆ. ದೂರು ಎಷ್ಟು ವ್ಯಾಪಕವಾಗಿತ್ತೆಂದರೆ, 2011ರ ಕೊನೆಯಲ್ಲಿ ಸರ್ಕಾರವೇ ನೋಂದಣಿ ಪದ್ಧತಿಯನ್ನು ಕೈಬಿಡುವುದಾಗಿ ಘೋಷಿಸಿತು. ಆಗ ನಡೆದದ್ದು ಕುತೂಹಲಕರ. ಪದ್ಧತಿಯನ್ನು ಹಳಿಯುತ್ತಿದ್ದ ವಿದ್ವತ್ಸಂಘಗಳಲ್ಲೇ ಆತಂಕ ಹುಟ್ಟಿತು. ನೋಂದಣಿ ಇಲ್ಲವಾದರೆ ಕೊರಿಯನ್ ಭಾಷೆಯ ಲೇಖನಕ್ಕೆ ಉಳಿಯುವ ಆಧಾರವೇನು, ವಿದೇಶೀ ಸೂಚಿಗಳೇ ಏಕೈಕ ಮಾನವಾಗುವುದಿಲ್ಲವೇ ಎಂಬ ಪ್ರಶ್ನೆ ಎದುರಾಯಿತು. 2013ರಲ್ಲಿ ಆ ನಿರ್ಧಾರ ಹಿಂದೆ ಸರಿಯಿತು, ಪದ್ಧತಿ ಮುಂದುವರಿಯಿತು.

ಅಳತೆಗೋಲನ್ನು ಬೈಯುವುದು ಸುಲಭ, ಅದಿಲ್ಲದೆ ಬದುಕುವುದು ಕಷ್ಟ ಎಂಬ ಈ ಇಕ್ಕಟ್ಟು ಕನ್ನಡದ ಅಧ್ಯಾಪಕರಿಗೆ ಅಪರಿಚಿತವಾದುದಲ್ಲ. ಅದನ್ನು ಮುಂದೆ ನೋಡಬಹುದು.

4

ಕೊರಿಯಾದ ಮಾನವಿಕಗಳಿಗೆ ದೊರೆತ ಅತಿ ದೊಡ್ಡ ನೆರವಿನ ಹಿಂದೆ ಒಂದು ಪ್ರತಿಭಟನೆಯಿದೆ. 2006ರ ಸೆಪ್ಟೆಂಬರ್‌ನಲ್ಲಿ ಸೋಲ್ ನಗರದ ಕೊರಿಯಾ ವಿಶ್ವವಿದ್ಯಾಲಯದ ಮಾನವಿಕ ಪ್ರಾಧ್ಯಾಪಕರು ಒಟ್ಟಾಗಿ ಮಾನವಿಕಗಳ ಬಿಕ್ಕಟ್ಟಿನ ಬಗ್ಗೆ ಬಹಿರಂಗ ಘೋಷಣೆಯೊಂದನ್ನು ಹೊರಡಿಸಿದರು. ಮಾರುಕಟ್ಟೆಯ ತರ್ಕಕ್ಕೆ ವಿಶ್ವವಿದ್ಯಾಲಯಗಳು ಶರಣಾಗಿವೆ ಎಂಬುದು ಅದರ ತಿರುಳು. ಇತರ ವಿಶ್ವವಿದ್ಯಾಲಯಗಳೂ ದನಿಗೂಡಿಸಿದವು. ಮರುವರ್ಷವೇ, 2007ರಲ್ಲಿ, ‘ಮಾನವಿಕ ಕೊರಿಯಾ’ ಎಂಬ ಯೋಜನೆ ಆರಂಭವಾಯಿತು. ವಿಲೀನದ ನಂತರ ಅದರ ಹೊಣೆ ರಾಷ್ಟ್ರೀಯ ಪ್ರತಿಷ್ಠಾನದ್ದಾಯಿತು.

ಯೋಜನೆಯ ರಚನೆ ಗಮನಾರ್ಹವಾದುದು. ವಿಶ್ವವಿದ್ಯಾಲಯದೊಳಗಿನ ಸಂಶೋಧನ ಕೇಂದ್ರಗಳಿಗೆ ಗರಿಷ್ಠ ಹತ್ತು ವರ್ಷಗಳ ನೆರವು ಅದರಲ್ಲಿತ್ತು. ಅವಧಿಯನ್ನು ಮೂರು, ಮೂರು ಮತ್ತು ನಾಲ್ಕು ವರ್ಷಗಳ ಹಂತಗಳಾಗಿ ಪಾಲು ಮಾಡಲಾಗಿತ್ತು. ಬೋಧನೆಯ ಹೊರೆಯಿಲ್ಲದ, ಸಂಶೋಧನೆಯನ್ನೇ ಕಸುಬಾಗಿಸಿಕೊಂಡ ಹುದ್ದೆಗಳು ಇದರಿಂದ ಸೃಷ್ಟಿಯಾದವು. ಅಂಥವರಲ್ಲಿ ಕೆಲವರನ್ನಾದರೂ ವಿಶ್ವವಿದ್ಯಾಲಯ ಕಾಯಂ ಹಾದಿಗೆ ಸೇರಿಸಿಕೊಳ್ಳಬೇಕೆಂಬ ಕರಾರೂ ಇತ್ತು. ಗಂಟೆ ಲೆಕ್ಕದಲ್ಲಿ ಪಾಠ ಹೇಳಿ ಊರೂರು ಅಲೆಯುತ್ತಿದ್ದ ಯುವ ವಿದ್ವಾಂಸರಿಗೆ ಇದು ದೊಡ್ಡ ಆಸರೆಯಾಯಿತು. ಕರ್ನಾಟಕದ ಅತಿಥಿ ಉಪನ್ಯಾಸಕರ ಬವಣೆಯನ್ನು ಬಲ್ಲವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಹತ್ತು ವರ್ಷಗಳ ಈ ನೆರವಿಗೆ ಒಂದು ಷರತ್ತು ಇತ್ತು. ಪ್ರತಿ ಕೇಂದ್ರವೂ ತನ್ನ ‘ಕಾರ್ಯಸೂಚಿ’ಯನ್ನು ಮುಂದಿಡಬೇಕು. ಬೂಸಾನ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಕೇಂದ್ರ ‘ಸ್ಥಳೀಯತೆಯ ಮಾನವಿಕ’ವನ್ನು ಆರಿಸಿಕೊಂಡಿತು. ಕೊನ್‌ಕುಕ್ ವಿಶ್ವವಿದ್ಯಾಲಯದ್ದು ‘ಏಕೀಕರಣ ಮಾನವಿಕ’, ಈಹ್ವಾ ಮಹಿಳಾ ವಿಶ್ವವಿದ್ಯಾಲಯದ್ದು ‘ಗಡಿ ಮೀರಿದ ಮಾನವಿಕ’. ಇವುಗಳಲ್ಲಿ ಮೌಲಿಕ ಚಿಂತನೆ ಇಲ್ಲವೆನ್ನಲಾಗದು. ಇಬ್ಭಾಗವಾದ ದೇಶದಲ್ಲಿ ಏಕೀಕರಣವನ್ನು ರಾಜಕೀಯ ಒಪ್ಪಂದವಾಗಿ ಮಾತ್ರ ನೋಡದೆ, ಎರಡೂ ಕಡೆಯ ಜನರ ಭಾಷೆ, ನೆನಪು ಮತ್ತು ಗಾಯಗಳ ಪ್ರಶ್ನೆಯಾಗಿ ನೋಡಿದ್ದು ಮಾನವಿಕಗಳು ಮಾತ್ರ ಮಾಡಬಹುದಾದ ಕೆಲಸ. ರಾಜಧಾನಿಯಿಂದ ದೂರದ ಬೂಸಾನಿನಿಂದ ಸ್ಥಳೀಯತೆಯ ಪ್ರಶ್ನೆ ಎದ್ದದ್ದೂ ಅರ್ಥಪೂರ್ಣವೇ. ಆದರೆ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ‘ಮಾನವಿಕ’ ಎಂಬ ಪದದ ಹಿಂದೆ ಒಂದು ಹೊಸ ವಿಶೇಷಣವನ್ನು ಜೋಡಿಸುವುದು ಅನುದಾನದ ಭಾಷೆಯಾಯಿತು. ಪಠ್ಯವೊಂದನ್ನು ಸುಮ್ಮನೆ ಎಚ್ಚರದಿಂದ ಓದುವ ಕೆಲಸಕ್ಕೆ ಹೊಸ ವಿಶೇಷಣ ಸಿಗುವುದಿಲ್ಲ. ಪ್ರಯೋಗಾಲಯವೊಂದು ತನ್ನ ಗುರಿಯನ್ನು ಮೊದಲೇ ಘೋಷಿಸಿ, ಹಂತಹಂತವಾಗಿ ಅದರತ್ತ ಸಾಗಿ ವರದಿ ಮಾಡುವ ಕ್ರಮವನ್ನು ಇಲ್ಲಿ ಓದಿನ ಮೇಲೆ ಹೊರಿಸಿದಂತಾಯಿತು. ಹಸ್ತಪ್ರತಿಯ ಮುಂದೆ ಕುಳಿತವನಿಗೆ ಮೂರನೆಯ ವರ್ಷ ತನಗೆ ಏನು ತಿಳಿಯಲಿದೆ ಎಂಬುದು ಮೊದಲನೆಯ ವರ್ಷದಲ್ಲಿ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅದು ಸಂಶೋಧನೆಯಾಗಿರುವುದಿಲ್ಲ.

5

ಮಾನವಿಕ ಮತ್ತು ನಿಸರ್ಗ ವಿಜ್ಞಾನಗಳು ಕೊರಿಯಾದಲ್ಲಿ ನಿಜವಾಗಿ ಕೂಡಿದ ಸ್ಥಳವೊಂದಿದೆ. ಆದರೆ ಅದನ್ನು ಯಾವ ಪ್ರತಿಷ್ಠಾನವೂ ಯೋಜಿಸಿರಲಿಲ್ಲ. ಜೋಸನ್ ರಾಜವಂಶದ 1392ರಿಂದ 1863ರವರೆಗಿನ 472 ವರ್ಷಗಳ ಅರಮನೆಯ ದಾಖಲೆ ‘ಸಿಲ್ಲೋಕ್’ ಎಂದು ಪ್ರಸಿದ್ಧವಾಗಿದೆ. ಅಭಿಜಾತ ಚೀನೀ ಭಾಷೆಯಲ್ಲಿರುವ ಇದನ್ನು 1997ರಲ್ಲಿ ಯುನೆಸ್ಕೊ ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ದಕ್ಷಿಣ ಕೊರಿಯಾದಲ್ಲಿ ಇದನ್ನು ಆಧುನಿಕ ಕೊರಿಯನ್ನಿಗೆ ಅನುವಾದಿಸುವ ಕೆಲಸ 1968ರಲ್ಲಿ ಆರಂಭವಾಗಿ 1993ರಲ್ಲಿ ಮುಗಿಯಿತು. ಸಂಪುಟಗಳ ಸಂಖ್ಯೆ 413.

ಈ ದಾಖಲೆಯಲ್ಲಿ ರಾಜಕಾರಣದ ಜೊತೆಗೆ ಆಕಾಶವೂ ಇದೆ. 1604ರ ಶರತ್ಕಾಲದಲ್ಲಿ ಕಾಣಿಸಿಕೊಂಡ, ಯುರೋಪಿನಲ್ಲಿ ಕೆಪ್ಲರನ ಹೆಸರಿನಿಂದ ಪ್ರಸಿದ್ಧವಾದ ಸೂಪರ್‌ನೋವಾವನ್ನು ಜೋಸನ್ ಆಸ್ಥಾನದ ಖಗೋಳ ವೀಕ್ಷಕರು ತಿಂಗಳುಗಟ್ಟಲೆ ಗಮನಿಸಿ, ಅದರ ಬಣ್ಣವನ್ನೂ ಗುರು ಮೊದಲಾದ ಗ್ರಹಗಳಿಗೆ ಹೋಲಿಸಿ ಅದರ ಗಾತ್ರವನ್ನೂ ದಾಖಲಿಸಿದರು. 1970ರ ದಶಕದಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ರಿಚರ್ಡ್ ಸ್ಟೀಫನ್‌ಸನ್ ಎಂಬ ಖಗೋಳಶಾಸ್ತ್ರಜ್ಞರು ಈ ಕೊರಿಯನ್ ದಾಖಲೆಗಳನ್ನು ಯುರೋಪಿನ ದಾಖಲೆಗಳ ಜೊತೆಗಿಟ್ಟು ಆ ನಕ್ಷತ್ರದ ಕಾಂತಿ ಏರಿಳಿದ ಬಗೆಯನ್ನು ಪುನಾರಚಿಸಿದರು. ಮಳೆಯ ವಿಷಯವೂ ಹೀಗೆಯೇ. ಹದಿನೈದನೆಯ ಶತಮಾನದ ಸೆಜೊಂಗ್ ರಾಜನ ಕಾಲದಲ್ಲಿ ಮಳೆಮಾಪಕ ಬಳಕೆಗೆ ಬಂದಿತ್ತು. ರಾಜಕಾರ್ಯಾಲಯದ ದಿನಚರಿಯಾದ ‘ಸುಂಗ್‌ಜೊಂಗ್‌ವೊನ್ ಇಲ್ಗಿ’ಯಿಂದ ಆಯ್ದ ಅಂಕಿಗಳ ನೆರವಿನಿಂದ ಸೋಲ್ ನಗರದ ಮಳೆಯ ಪ್ರಮಾಣವನ್ನು 1770ರ ದಶಕದವರೆಗೂ ಹಿಂದಕ್ಕೆ ಹೋಗಿ ನೋಡುವುದು ಸಾಧ್ಯವಾಗಿದೆ. ಹವಾಮಾನ ಬದಲಾವಣೆಯನ್ನು ಅಧ್ಯಯನ ಮಾಡುವವರಿಗೆ ಇದು ಅಮೂಲ್ಯವಾದ ನಿಧಿ.

ಮೂಲಪಾಠವನ್ನು ಕಾಪಾಡಿ, ಅದನ್ನು ಓದಬಲ್ಲವರು ಉಳಿದದ್ದರಿಂದ ಆದ ಸಂಗಮ ಇದು. ಭಾರತದ ಕಾಯಿದೆ ಹೇಳುವ ‘ಸಂಧಿಸ್ಥಾನ’ ಇಂತಹದೇ ಆಗಿದ್ದರೆ, ಅದು ಮೊದಲೇ ಗುರುತಿಸಬಹುದಾದ ಜಾಗವಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಅರಮನೆಯ ಲಿಪಿಕಾರರು ಖಗೋಳಭೌತಶಾಸ್ತ್ರಕ್ಕಾಗಿ ಬರೆಯಲಿಲ್ಲ, ಅನುವಾದಕರೂ ಹವಾಮಾನ ತಜ್ಞರಿಗಾಗಿ ಅನುವಾದಿಸಲಿಲ್ಲ. ಕನ್ನಡದ ನೆಲದಲ್ಲೂ ಇದಕ್ಕೆ ಸಮಾನವಾದ ನಿದರ್ಶನವಿದೆ. ಶಾಸನಗಳಲ್ಲಿ ದಾನದ ಕಾಲವನ್ನು ಹೇಳುವಾಗ ಬರುವ ಗ್ರಹಣ, ಸಂಕ್ರಮಣಗಳ ಉಲ್ಲೇಖಗಳನ್ನು ಬೆಂಗಳೂರಿನ ಖಗೋಳವಿಜ್ಞಾನಿ ಬಿ. ಎಸ್. ಶೈಲಜಾ ಅವರು ಗೀತಾ ಕೈದಾಳ ಗಣೇಶ ಅವರೊಡನೆ ಅಧ್ಯಯನಕ್ಕೆ ಒಳಪಡಿಸಿ ಆಕಾಶದ ಚರಿತ್ರೆಯ ಆಕರವಾಗಿ ಓದಿದ್ದಾರೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು 1886ರಿಂದ ಹೊರಬರತೊಡಗಿರದಿದ್ದರೆ, 1972ರಿಂದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಅವುಗಳ ಪರಿಷ್ಕೃತ ಆವೃತ್ತಿಯನ್ನು ಕೈಗೊಂಡಿರದಿದ್ದರೆ ಇಂತಹ ಓದು ಬಹಳ ಕಷ್ಟವಾಗುತ್ತಿತ್ತು. ರೈಸ್ ಅವರ ಕೆಲಸವನ್ನು ಯಾವ ಸಂಧಿಸ್ಥಾನದ ಹೆಸರಿನಲ್ಲಿ ಅನುದಾನಕ್ಕೆ ಸಲ್ಲಿಸಬಹುದಿತ್ತು?

ಇನ್ನೂ ಒಂದು ಸೂಕ್ಷ್ಮವಿದೆ. ಸಿಲ್ಲೋಕ್ ಅನುವಾದ ರಾಷ್ಟ್ರೀಯ ಪ್ರತಿಷ್ಠಾನ ಹುಟ್ಟುವ ಮೊದಲೇ ಮುಗಿದಿತ್ತು. ಅದಕ್ಕಿಂತಲೂ ವಿಸ್ತಾರವಾದ ಇಲ್ಗಿಯ ಅನುವಾದ ಇನ್ನೂ ಮುಗಿದಿಲ್ಲ. ಅದು ನಡೆಯುತ್ತಿರುವುದು ಪ್ರತಿಷ್ಠಾನದ ಆಶ್ರಯದಲ್ಲಲ್ಲ, 2007ರಲ್ಲಿ ಕಾಯಿದೆಯ ಮೂಲಕ ಬೇರೆಯಾಗಿಯೇ ರೂಪುಗೊಂಡ ಕೊರಿಯನ್ ಅಭಿಜಾತ ಕೃತಿಗಳ ಅನುವಾದ ಸಂಸ್ಥೆಯಲ್ಲಿ. ಜರ್ಮನಿಯಲ್ಲೂ ತಲೆಮಾರುಗಳ ಕಾಲ ನಡೆಯುವ ನಿಘಂಟು ಮತ್ತು ಗ್ರಂಥಸಂಪಾದನೆಯ ಬಹುಪಾಲು ಕೆಲಸಗಳಿಗೆ ವಿದ್ವತ್ ಅಕಾಡೆಮಿಗಳ ಪ್ರತ್ಯೇಕ ವ್ಯವಸ್ಥೆಯಿದೆ. ಸಂಯುಕ್ತ ಪ್ರತಿಷ್ಠಾನವು ಯೋಜನೆಗಳನ್ನು ಪೋಷಿಸಬಲ್ಲದು. ಯೋಜನೆಯೆಂದರೆ ಮುಗಿಯುವಂಥದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದು ಎಂಟನೆಯದು 1995ರಲ್ಲಿ ಬಂದಿತು. ಸಿದ್ಧತೆಯ ದಶಕಗಳು ಇದಕ್ಕೂ ಹಿಂದಿನವು. ಮೂರು ವರ್ಷಕ್ಕೊಮ್ಮೆ ಪ್ರಗತಿ ವರದಿ ಕೇಳುವ ಯಾವ ಸಮಿತಿಯೂ ಬಹುಶಃ ‘ಅ’ಕಾರದಲ್ಲೇ ಇದನ್ನು ನಿಲ್ಲಿಸಿಬಿಡುತ್ತಿತ್ತು.

6

2024ರಲ್ಲಿ ದಕ್ಷಿಣ ಕೊರಿಯಾದ ಸರ್ಕಾರ ತನ್ನ ಸಂಶೋಧನೆ ಮತ್ತು ಅಭಿವೃದ್ಧಿ ಬಜೆಟ್ಟನ್ನು ಹಿಂದಿನ ವರ್ಷದ ಸುಮಾರು 31 ಲಕ್ಷ ಕೋಟಿ ವಾನ್‌ಗಳಿಂದ 26.5 ಲಕ್ಷ ಕೋಟಿಗೆ ಇಳಿಸಿದಾಗ ವಿಜ್ಞಾನಿಗಳೂ ಬೀದಿಗೆ ಇಳಿಯಬೇಕಾಯಿತು. 2006ರಲ್ಲಿ ಮಾನವಿಕ ಪ್ರಾಧ್ಯಾಪಕರು ಆಡಿದ ಮಾತುಗಳನ್ನು ಆಗ ಪ್ರಯೋಗಾಲಯಗಳೂ ಆಡತೊಡಗಿದವು. ತಕ್ಷಣದ ಫಲ ಕಾಣದ ಮೂಲಭೂತ ಸಂಶೋಧನೆಯ ಸಂಕಟ ಎರಡೂ ಕಡೆ ಒಂದೇ. ಒಂದೇ ಸೂರಿನಡಿ ಇರುವುದಕ್ಕೆ ಹದಿನೈದು ವರ್ಷಗಳ ನಂತರ ದೊರೆತ ತಾತ್ವಿಕ ಸಮರ್ಥನೆಯೇನಾದರೂ ಇದ್ದರೆ ಬಹುಶಃ ಅದು ಇದೇ.

ಭಾರತದಲ್ಲಿ ಮಾನವಿಕಗಳ ಪಾಲು ಇನ್ನೂ ಹರಿದು ಹಂಚಿಹೋಗಿದೆ. 1969ರ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, 1972ರ ಇತಿಹಾಸ ಸಂಶೋಧನಾ ಮಂಡಳಿ, 1977ರ ತತ್ವಶಾಸ್ತ್ರ ಸಂಶೋಧನಾ ಮಂಡಳಿ ತಮ್ಮ ತಮ್ಮ ದಾರಿಯಲ್ಲಿವೆ. ಸಾಹಿತ್ಯ ಸಂಶೋಧನೆಗೆ ಅಂತಹ ಮಂಡಳಿಯೇ ಇಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ, ಶಾಸ್ತ್ರೀಯ ಕನ್ನಡ ಅಧ್ಯಯನ ಕೇಂದ್ರ, ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಇವುಗಳ ನಡುವೆ ಕನ್ನಡದ ಸಂಶೋಧಕ ತನ್ನ ದಾರಿ ಹುಡುಕಿಕೊಳ್ಳಬೇಕು. ಮಾನದ ವಿಷಯದಲ್ಲಂತೂ ಗೊಂದಲ ಇನ್ನೂ ಹೆಚ್ಚು. ವಿಶ್ವವಿದ್ಯಾಲಯ ಅನುದಾನ ಆಯೋಗ 2017ರಲ್ಲಿ ಅಂಗೀಕೃತ ಪತ್ರಿಕೆಗಳ ಪಟ್ಟಿಯನ್ನು ಮುಂದಿಟ್ಟಿತು. ಅದರಲ್ಲಿ ಸಂಶಯಾಸ್ಪದ ಪತ್ರಿಕೆಗಳು ನುಸುಳಿದವೆಂದು 2018ರಲ್ಲಿ ಸಾವಿರಾರು ಹೆಸರುಗಳನ್ನು ತೆಗೆಯಿತು. 2019ರಿಂದ ‘ಕೇರ್’ ಪಟ್ಟಿ ಬಂದಿತು. ಭಾರತೀಯ ಭಾಷೆಗಳ ಪತ್ರಿಕೆಗಳಿಗೆ ಅಲ್ಲಿ ಸ್ಥಳ ದೊರಕುವುದೇ ಒಂದು ಹೋರಾಟವಾಯಿತು. ಪಟ್ಟಿಗೆ ಸೇರಿದ ಕೆಲವೇ ಪತ್ರಿಕೆಗಳ ಸಂಪಾದಕರ ಮೇಜಿನ ಮೇಲೆ ಬಡ್ತಿಯ ಲೇಖನಗಳು ರಾಶಿ ಬಿದ್ದವು. 2025ರ ಫೆಬ್ರವರಿಯಲ್ಲಿ ಆಯೋಗ ಆ ಪಟ್ಟಿಯನ್ನೇ ಕೈಬಿಟ್ಟು, ಪತ್ರಿಕೆಗಳ ಗುಣಮಟ್ಟವನ್ನು ನಿರ್ಧರಿಸುವ ಹೊಣೆಯನ್ನು ಉನ್ನತ ಶಿಕ್ಷಣ ಸಂಸ್ಥೆಗಳಿಗೇ ಬಿಟ್ಟಿತು, ಕೆಲವು ಸೂಚಕ ಮಾನದಂಡಗಳನ್ನು ಮಾತ್ರ ಮುಂದಿಟ್ಟಿತು.

ಕೊರಿಯಾದ ವಿದ್ವತ್ಸಂಘಗಳು 2011ರಲ್ಲಿ ಎದುರಿಸಿದ ಪ್ರಶ್ನೆ ಹೀಗೆ ಕನ್ನಡ ವಿಭಾಗಗಳ ಮುಂದೆಯೂ ಬಂದು ನಿಂತಿದೆ. ಆದರೆ ಇಲ್ಲಿ ಅದನ್ನು ಹಿಂದಕ್ಕೆ ಪಡೆಯುವ ನಿರ್ಧಾರಕ್ಕಾಗಿ ಕಾಯಬೇಕಾಗಿಲ್ಲ. ಸಟಿಪ್ಪಣ ಶಾಸನ ಸಂಪಾದನೆಗೆ ಎಷ್ಟು ಅಂಕ, ಜನಪದ ಮಹಾಕಾವ್ಯವೊಂದನ್ನು ಗಾಯಕರ ಬಾಯಿಂದ ಸಂಗ್ರಹಿಸಿ ಲಿಪ್ಯಂತರಿಸಿದ್ದಕ್ಕೆ ಎಷ್ಟು, ಹಳಗನ್ನಡ ಕೃತಿಯ ಪಾಠಪರಿಷ್ಕರಣೆಗೆ ಎಷ್ಟು ವರ್ಷ ಎಂಬುದನ್ನು ತೀರ್ಮಾನಿಸುವ ಅಧ್ಯಯನ ಮಂಡಳಿಯ ಸಭೆಯಲ್ಲಿ ಕುಳಿತುಕೊಳ್ಳುವವರು ಈಗ ಕನ್ನಡದ ಅಧ್ಯಾಪಕರೇ ಆಗಿದ್ದಾರೆ.